ಏಳನೇ ಜಾಕೆಟ್ಟು

ಗಲಾತ್ಸಿಯಲ್ಲಿ ಈ ಚಳಿಗಾಲ ನನಗೆ ಏಳನೇ ಜಾಕೆಟ್ಟು.
ಮೊದಲನೆಯದು ಹಳದಿ, ಆಮೇಲೆ ನೀಲಿ, ಆಮೇಲೊಂದು ಕೆಂಪು,
ನಡುವೆ ಎಂಟೇ ತಿಂಗಳು ಬಾಳಿದ ಹಸಿರು;
ಅದರ ಜಿಪ್ಪು ರಿಪೇರಿಯಾಗುವ ಮೊದಲೇ ಕಂಪನಿ ಹೋಯಿತು.
ಏಣಿ ಮಾತ್ರ ಅದೇ. ಮೂರನೇ ಮೆಟ್ಟಿಲಿಗೆ ತಂತಿ ಬಿಗಿದದ್ದು ನಾನೇ.

ವಿಲೀನ ಅಂತಾರೆ. ಒಳ್ಳೆಯ ಮಾತು.
ಉಪ್ಪು ನೀರಿಗೆ, ಉಸಿರು ಗಾಳಿಗೆ, ಹೊಳೆ ಕಡಲಿಗೆ.
ಡ್ಯಾನ್ಯೂಬ್ ಇಲ್ಲಿಂದ ಮುಂದೆ ಹೋಗಿ
ಹಾಗೇ ಆಗುತ್ತದೆ, ಸದ್ದಿಲ್ಲದೆ.
ನಮ್ಮದಕ್ಕೆ ಸದ್ದುಂಟು: ಬುಕಾರೆಸ್ಟಿನಿಂದ ಒಂದು ದೊಡ್ಡ ಕೇಕು,
ನಲವತ್ತು ಜನರ ಮನೆಗೆ ಒಂದೊಂದು ಲಕೋಟೆ.
ನನಗೆ ಕೇಕು ಸಿಕ್ಕಿತು.

ಏಳನೇ ಮಹಡಿ, ಲಿಫ್ಟು ಕೆಟ್ಟಿದೆ.
ಪ್ರೋಫಿರಾ ಅಜ್ಜಿ ಬಾಗಿಲಲ್ಲೇ ತಡೆದರು:
"ಈಗ ನೀನು ಯಾರ ಕಡೆಯವನು?"
ಎದೆಯ ಮೇಲಿನ ಅಕ್ಷರ ಬಗ್ಗಿ ಓದಿ ಹೇಳಿದೆ.
"ನನ್ನ ಒಂಬತ್ತನೇ ಚಾನೆಲ್ಲು ಎಲ್ಲಿ?"
ಇನ್ನೂರ ಹದಿನಾಲ್ಕಕ್ಕೆ ಹೋಗಿದೆ ಅಜ್ಜಿ.
"ಅಷ್ಟು ದೂರ ಯಾಕೆ ಹೋಯಿತು?"
ತರಬೇತಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಮೇಜಿನ ಮೇಲೆ, ಕನ್ನಡಕದ ಅಡಿಯಲ್ಲಿ, ಪತ್ರ:
ಸನ್ಮಾನ್ಯ ನೆಕುಲಾಯ್ ಅವರೇ, ನಮ್ಮ ಹೊಸ ಕುಟುಂಬಕ್ಕೆ ಸ್ವಾಗತ.
ಇಂಟರ್ನೆಟ್ಟು, ಫೋನು, ಮುನ್ನೂರು ಚಾನೆಲ್ಲು, ಎಲ್ಲವೂ ಒಂದೇ ಗಂಟಿನಲ್ಲಿ.

ನೆಕುಲಾಯ್ ತೀರಿಕೊಂಡು ಹನ್ನೊಂದು ವರ್ಷ.
ಖಾತೆಯ ಹೆಸರು ಬದಲಿಸಿ ಎಂದು ಅಜ್ಜಿ ಫೋನು ಮಾಡಿದ್ದಾರೆ
ನಾಲ್ಕು ಸಲ, ನಾಲ್ಕು ಕಂಪನಿಗೆ.
ಖಾತೆದಾರರೇ ಖುದ್ದು ಲೈನಿಗೆ ಬರಬೇಕಂತೆ.
ಪ್ರತಿ ಸಲವೂ ಅವರ ಹೆಸರು ಬದಲಾಗುವ ಮೊದಲು
ಕಂಪನಿಯ ಹೆಸರೇ ಬದಲಾಯಿತು.
"ಇವರೊಬ್ಬರು ಹೋಗಲೊಲ್ಲರು" ಎಂದು ನಕ್ಕರು ಅಜ್ಜಿ,
ಹಲ್ಲುಸೆಟ್ಟು ಹಾಕದ ಬಾಯಿಗೆ ಕೈ ಅಡ್ಡ ಹಿಡಿದು.

ಹಳೇ ಕೇಬಲ್ಲೆಲ್ಲ ಕಿತ್ತು ತರಬೇಕೆಂದು ಆದೇಶ.
ತಾರಸಿಗೆ ಹತ್ತಿದೆ. ಬಿಳಿಯ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಕಂದು,
ಬೆರಳು ಮರಗಟ್ಟುವವರೆಗೂ ಸುಲಿದೆ.
ಎಲ್ಲಕ್ಕಿಂತ ಕೆಳಗೆ ಸೈನ್ಯದ ತಂತಿ ಒಂದು ಗೇಣು,
ಕೀಲಿಗೆ ಸುತ್ತಿದ ಹೂವಿನ ಬಟ್ಟೆ,
ಎಡಕ್ಕೆ ಸುತ್ತಿ, ಎಡಕ್ಕೆ ಬಿಗಿದ ಗಂಟು.

ತಂದು ತೋರಿಸಿದೆ. ಅಜ್ಜಿ ಕಿಟಕಿಯ ಬೆಳಕಿಗೆ ಹಿಡಿದರು.
"ಓಹೋ, ನನ್ನ ಅಡುಗೆಮನೆ ಪರದೆ ಗಿಡ್ಡವಾದದ್ದು ಇದಕ್ಕಾ!"

ತೊಂಬತ್ಮೂರರಲ್ಲಿ ಉಕ್ಕಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ
ಹೇಗೋ ಹೊರತಂದ ತಗಡನ್ನು ತಟ್ಟೆಯಾಗಿ ಬಡಿದು
ಹನ್ನೆರಡು ಮನೆಗೆ ಲೋಕ ತೋರಿಸಿದ್ದ ಮನುಷ್ಯ.
ಲೆಕ್ಕದ ನೋಟುಬುಕ್ಕು ಇನ್ನೂ ಇದೆ:
ಮೂರನೇ ಮಹಡಿಯ ದಂತವೈದ್ಯ, ಕೊಟ್ಟ.
ಸಾವೆಟಾ, ಮೊಟ್ಟೆ ಹತ್ತು.
ಪಾದ್ರಿ, ಮುಂದಿನ ತಿಂಗಳು. ಮುಂದಿನ ತಿಂಗಳು. ಮುಂದಿನ ತಿಂಗಳು.
ಕೊನೆಯ ಪುಟ: ಎಲ್ಲ ಮಾರಿದೆ. ಒಂದು ಹಳೇ ಕಾರಿಗೆ. ಬ್ಯಾಟರಿ ಇಲ್ಲ.

ಮೊನ್ನೆ ಪತ್ರಿಕೆಯಲ್ಲಿ ನಮ್ಮನ್ನು ಕೊಂಡ ಮೊತ್ತ ಬಂದಿತ್ತು,
ಸೊನ್ನೆ ಎಣಿಸಲು ಬೆರಳಿಟ್ಟು ಓದಬೇಕು.
ಅದರೊಳಗೆಲ್ಲೋ ಇವೆ ಆ ಹತ್ತು ಮೊಟ್ಟೆ.

ಕೆಲಸ ಮುಗಿಯಿತು. ಕಪ್ಪು, ಕಂದು ಚೀಲಕ್ಕೆ ತುಂಬಿದೆ.
ಹೂವಿನ ಬಟ್ಟೆ ನನ್ನ ಪಟ್ಟಿಯಲ್ಲಿ ಇರಲಿಲ್ಲ.
ರಿಮೋಟಿನ ಬೆನ್ನಿಗೆ ೨೧೪ ಎಂದು ದಪ್ಪಗೆ ಬರೆದು
ಫಾರ್ಮು ಚಾಚಿದೆ: ಖಾತೆದಾರರ ಸಹಿ.

ಅಜ್ಜಿ ನನ್ನ ಮುಖ ನೋಡಿದರು.
ಪೆನ್ನನ್ನು ಎಡಗೈಗೆ ದಾಟಿಸಿಕೊಂಡು
ಒಂದೊಂದೇ ಅಕ್ಷರ, ನಿಧಾನವಾಗಿ,
ನೆಕುಲಾಯ್ ಎಂದು ಬರೆದರು.