ಬೆನ್ನ ಹಿಂದೆ ಕೈ

ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ ನೆಲಮಾಳಿಗೆಯ ಕೋಣೆ ನನ್ನದು.
ಮೇಜಿನ ಮೇಲೆ ರಬ್ಬರಿನ ಮೂರು ತೋಳು,
ಒಳಗೆ ಹರಿಯುವುದು ಕೆಂಪು ಬಣ್ಣ ಕಲಸಿದ ನಲ್ಲಿನೀರು.
ಹನ್ನೊಂದು ವರ್ಷ ಚುಚ್ಚಿಸಿಕೊಂಡೂ
ಒಂದು ದಿನ ಅಯ್ಯೋ ಎನ್ನದ ತೋಳು.

ಇವತ್ತು ವರ್ಷದ ಫಾರಂ ಬಂದಿದೆ.
ನಿಮ್ಮ ಸಾಮರ್ಥ್ಯಕ್ಕೆ ಒಂದರಿಂದ ಐದರೊಳಗೆ ಅಂಕ ಕೊಡಿ.
ಆರು ಪ್ರಶ್ನೆ ಮುಗಿಸಿದೆ, ಚಹಾ ಆರುವುದರೊಳಗೆ.
ಏಳನೆಯದು: ಕೆಲಸದಲ್ಲಿ ತೃಪ್ತಿ ಇದೆಯೇ?
ಗೀಟು ಅಲ್ಲೇ ನಿಂತು ಮಿಣುಕುತ್ತಿದೆ.

ಬೆಳಿಗ್ಗೆ ನಾಲ್ಕನೇ ವಾರ್ಡಿನಲ್ಲಿ
ಕೀರಾ, ಎರಡನೇ ವರ್ಷ, ಉಗುರು ಕಚ್ಚುವ ಹುಡುಗಿ.
ಅವಳೆದುರು ವಿಲ್ಫ್ ಆಸ್‌ಗರ್ಬಿ ಚಾಚಿದ ತೋಳು:
ಮೀನು ಹರಾಜಿನ ಕಟ್ಟೆಯಲ್ಲಿ ನಲವತ್ತು ವರ್ಷ
ಮಂಜುಗಡ್ಡೆ ಹೊತ್ತದ್ದು.
ನರವೋ, ಮುಟ್ಟಿದರೆ ಹಾವುಮೀನಿನ ಹಾಗೆ ಒಳಕ್ಕೆ.
ಒಂದು ಸಲ ತಪ್ಪಿತು.
ಇರುವುದು ಎರಡೇ ಅವಕಾಶ, ಆಮೇಲೆ ಬೇರೆಯವರ ಕೈ.

ನನ್ನ ಕೈ ಆಗಲೇ ಎದ್ದಿತ್ತು.
ನನಗೆ ಗೊತ್ತು ಅದು ಎಲ್ಲಿದೆ ಅಂತ:
ಮೊಣಕೈಯಿಂದ ಎರಡು ಬೆರಳು ಕೆಳಗೆ, ಹೊರಮಗ್ಗುಲಿಗೆ,
ಕಣ್ಣಿಗೆ ಕಾಣದ್ದು, ಬೆರಳಿಗೆ ಕಾಣುವುದು.
ಅರೆ ನಿಮಿಷದ ಕೆಲಸ.
ಎದ್ದ ಕೈಯನ್ನು ಬೆನ್ನ ಹಿಂದೆ ಒಯ್ದು
ಇನ್ನೊಂದು ಕೈಯಲ್ಲಿ ಬಿಗಿಹಿಡಿದೆ,
ಸಂತೆಯಲ್ಲಿ ಕಿಸೆಗಳ್ಳನನ್ನು ಹಿಡಿದ ಹಾಗೆ.
ಇದಕ್ಕೆ ಫಾರಮ್ಮಿನಲ್ಲಿ ಕಾಲಂ ಇಲ್ಲ.

"ಕಣ್ಣನ್ನು ನಂಬಬೇಡ, ಬೆರಳನ್ನು ಕೇಳು" ಅಂದೆ.
ಕಣ್ಣು ಮುಚ್ಚಿ ಸವರಿದಳು.
"ನಿಧಾನ ಮಗಳೇ, ನನಗೇನೂ ಬಸ್ಸು ತಪ್ಪುವುದಿಲ್ಲ"
ಅಂದ ಮುದುಕ.
ಸೂಜಿಯ ಬುಡದಲ್ಲಿ ಒಂದು ಹನಿ ಕೆಂಪು ಮೂಡಿತು.
ಅವಳು ನನ್ನ ಕಡೆ ನೋಡಲೇ ಇಲ್ಲ,
ಟೇಪು ಅಂಟಿಸುತ್ತಿದ್ದಳು.

ನಮ್ಮ ಕಡೆ ಇದನ್ನು ಕೈಗುಣ ಅನ್ನುತ್ತಾರೆ,
ಯಾರೋ ಡಾಕ್ಟರಿಗೆ ಹುಟ್ಟಿನಿಂದ ಬಂದದ್ದು ಅಂತ.
ನಾನು ಅದನ್ನೇ ತಿಂಗಳ ಸಂಬಳಕ್ಕೆ
ವಾರಕ್ಕೆ ಹದಿನಾಲ್ಕು ಜನಕ್ಕೆ ಹಂಚುತ್ತೇನೆ.
ಹಂಚಿ ಹಂಚಿ ನನ್ನಲ್ಲೇ ತಳ ಕಂಡೀತೆಂದು
ಶನಿವಾರ ರಾತ್ರಿ ಎಮರ್ಜೆನ್ಸಿಯಲ್ಲಿ ಪಾಳಿ ಕೇಳಿ ಪಡೆದು
ಬೆರಳಿಗೆ ಸಾಣೆ ಹಿಡಿಸುತ್ತೇನೆ.
ಕಳೆದ ತಿಂಗಳು ನಾನೂ ಎರಡು ಸಲ ತಪ್ಪಿದೆ.
ಕೀರಾಗೆ ಹೇಳಿಲ್ಲ.
ಹೇಳಬೇಕು.

ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗುವುದಿಲ್ಲ.
ಮೂರು ಒತ್ತಿದೆ. ಅಳಿಸಿದೆ. ನಾಲ್ಕು.
ಉಳಿದ ಒಂದನ್ನು
ಕಾರು ನಿಲ್ಲಿಸಲು ನಮ್ಮಿಂದಲೇ ವಸೂಲು ಮಾಡುವ ದುಡ್ಡಿಗೆ
ಕಳೆದುಕೊಂಡೆ.

ತೋಳುಗಳ ನೀರು ಬಸಿದು, ಒರೆಸಿ, ಡಬ್ಬಕ್ಕೆ ಹಾಕಿ
ಕೈ ತೊಳೆದೆ, ಕಲಿಸಿಕೊಟ್ಟ ಕ್ರಮದಲ್ಲೇ,
ಹೆಬ್ಬೆರಳ ಸಂದನ್ನೂ ಬಿಡದೆ.
ಆದರೂ ಉಗುರಿನ ಅಂಚಿಗೆ ಕೆಂಪು ಉಳಿದಿದೆ.
ಬರೀ ಬಣ್ಣ.
ಸೋಮವಾರದವರೆಗೆ ಹೋಗುವುದಿಲ್ಲ ಅದು.