ಕೊನೆಯ ಹದಿನಾರು ಪುಟ

ಏಪ್ರಿಲ್ ಎರಡನೇ ವಾರ, ಶಿಡ್ಲಘಟ್ಟ.
ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ, ಕರೆಂಟು ಅದರಿಷ್ಟ.
ಮಕ್ಕಳಿಗೆ ರಜ, ನನಗೆ ಹಠ:
ಈ ಸಲ ನಡುಮನೆಗೆ ಬಣ್ಣ ಬಳಿಸಲೇಬೇಕು.

ಖಲಂದರ್ ಬಣ್ಣದ ಪಟ್ಟಿ ತಂದು
ಇಸ್ಪೀಟಿನ ಹಾಗೆ ಬಿಡಿಸಿ ಹಿಡಿದ.
ಹಳದಿಯೇ ಹದಿನೇಳು.
ಇವರೆಂದರು, ಯಾವುದಾದರೂ ಸರಿ, ಕೊಳೆ ಕಾಣದ್ದು.
ಅಕ್ಕಾಯಮ್ಮತ್ತೆ ಎಂದರು, ಸುಣ್ಣಕ್ಕೇನಾಗಿತ್ತು?
ನಾನು ಬೆರಳಿಟ್ಟದ್ದು ಹಣ್ಣಾದ ಹುಳದ ಹಳದಿಗೆ;
ಇನ್ನು ಸೊಪ್ಪು ಸಾಕೆಂದು ತಲೆಯೆತ್ತಿ
ಗೂಡಿಗೆ ಜಾಗ ಹುಡುಕುತ್ತದಲ್ಲ, ಆ ಹೊತ್ತಿನ ಬಣ್ಣಕ್ಕೆ.
'ಕಂಪನಿಯೋರು ಇದಕ್ಕೆ ಬೆಣ್ಣೆ ಅಂದವ್ರೆ ಅಕ್ಕ.'
ಹುಳ ಮೇಯಿಸದವರು, ಪಾಪ.

ಗೋಡೆ ಖಾಲಿಯಾಗಬೇಕಲ್ಲ ಮೊದಲು.
ಅಟ್ಟದಿಂದ ಇಳಿದವು ಮಾವನವರ ಮೂರು ಛತ್ರಿ,
ಕಿವಿ ಹೋದ ಕೊಳಗ,
ಹುಳ ಬಿಟ್ಟ ವರ್ಷ ಮೇಲೇರಿಸಿದ್ದ ಚಂದ್ರಿಕೆ,
ಒಂದು ಟ್ರಂಕು. ಟ್ರಂಕಿನ ತುಂಬ ಪುಸ್ತಕ.

ಅಲ್ಲಿಗೆ ಕೆಲಸ ಕೆಟ್ಟಿತು.
ತರುಣ್ ಹಳೇ ಭೂಪಟ ಹಿಡಿದು ಮಂಚದಡಿ ಸೇರಿದ,
ಈಗಿಲ್ಲದ ದೇಶಗಳಿಗೆ ರಾಜಧಾನಿ ಹುಡುಕುತ್ತ.
ಇವರಿಗೆ ಹಸು ವೈದ್ಯದ ಪುಸ್ತಕ,
ಹಸು ಮಾರಿ ಆರು ವರ್ಷದ ಮೇಲೆ.
'ಗೌರಿಗೆ ಹೊಟ್ಟೆಯುಬ್ಬರ ಬಂದಿತ್ತಲ್ಲ, ಎಣ್ಣೆ ಕುಡಿಸಬೇಕಿತ್ತಂತೆ.'
ಅಷ್ಟೇ ಅಂದು ಬಹಳ ಹೊತ್ತು ಪುಟ ತಿರುವಲಿಲ್ಲ.
ಭುವನ, ಹತ್ತನೇ ಪರೀಕ್ಷೆ ಮುಗಿಸಿ
ಇನ್ನು ಹಾಳೆಯ ಮುಖ ನೋಡೆನೆಂದು ಆಣೆಯಿಟ್ಟವಳು,
ಪತ್ತೇದಾರಿಯೊಂದನ್ನು ಲಂಗದಲ್ಲಿ ಒರೆಸಿಕೊಂಡಳು.

ರಾತ್ರಿ ತಾರಸಿಯ ಮೇಲೆ, ಮೊಬೈಲ್ ಬೆಳಕಿನಲ್ಲಿ
ಅವಳು ಓದುವುದು, ನಾವು ಮಲಗಿ ಕೇಳುವುದು.
ಲಾಡ್ಜಿನಲ್ಲಿ ಕೊಲೆ. ಸತ್ತವನು ಬಡ್ಡಿ ವ್ಯಾಪಾರಿ.
ಯಾರೂ ಅಳಲಿಲ್ಲ, ಕತೆಯೊಳಗೂ, ತಾರಸಿಯಲ್ಲೂ.
ನೂರ ಎಪ್ಪತ್ತಾರನೇ ಪುಟದಲ್ಲಿ
'ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ' ಎಂದು
ಪತ್ತೇದಾರ ಕೋಟಿನ ಜೇಬಿಗೆ ಕೈಹಾಕಿದ.
ಆಮೇಲೆ ಬರೀ ಹೊಲಿಗೆಯ ದಾರ.

ಮನೆ ಎರಡಾಯಿತು, ಮೂರಾಯಿತು.
ಗೂಡು ಮಾರುಕಟ್ಟೆಯಲ್ಲಿ ತೂಕ ಬರೆಯುವ ಇವರಿಗೆ
ಗುಮಾಸ್ತನ ಮೇಲೆ ಅನುಮಾನ, ಅವನ ಲೆಕ್ಕ ತೀರಾ ಚೊಕ್ಕ.
ತರುಣ್‌ಗೆ ಪತ್ತೇದಾರನೇ ಕಳ್ಳ.
ಖಲಂದರ್ ಏಣಿಯ ಮೇಲಿಂದಲೇ ಕತೆ ಕೇಳಿ
ಬ್ರಷ್ ಒಣಗುವ ತನಕ ಯೋಚಿಸಿ
'ಸತ್ತೋನು ಸತ್ತೇ ಇಲ್ಲ ಬಿಡಿ' ಎಂದ.
ಆ ವಾರ ಒಂದೇ ಗೋಡೆ ಹಳದಿಯಾದದ್ದು ಹೀಗೆ.
ಅತ್ತೆ ಎಲೆಗೆ ಸುಣ್ಣ ಸವರುತ್ತ ತೆಲುಗು ಬೆರೆಸಿ ಹೇಳಿದ್ದು:
ಆ ಅಡುಗೆಯವಳು ಏಳು ಸಲ ಕಾಫಿ ತಂದಳು,
ಬರೆದವನು ಅವಳನ್ನು ಒಂದು ಸಲ ಮಾತಾಡಿಸಲಿಲ್ಲ.
ನೋಡ್ಕೊಳ್ಳಿ, ಅವಳೇ.

ಹೊಸ ಗೋಡೆಗೆ ಚಂದ್ರಿಕೆ ತೂಗುಹಾಕಿದೆವು.
ಹೂವಿನ ಚಿತ್ರ ಬೇಕಿತ್ತು ನನಗೆ; ಆದದ್ದು ಬೇರೆ.
ಗೂಡು ಕಟ್ಟುತ್ತಿದ್ದ ಬಿದಿರ ಸುರುಳಿಯೊಳಗೆ
ಮಕ್ಕಳು ಹೆಸರು ಬರೆದ ಚೀಟಿ ಸಿಕ್ಕಿಸಿದರು.
ಫ್ಯಾನು ತಿರುಗಿದರೆ ಅನುಮಾನವೆಲ್ಲ ಪಟಪಟ.
ಬಂದವರು, ಚೆನ್ನಾಗಿದೆ, ಎಲ್ಲಿ ಕೊಂಡಿರಿ ಎನ್ನುತ್ತಾರೆ.

ಕೊನೆಗೆ ಅಡುಗೆಮನೆ.
ಹುಣಿಸೆಹಣ್ಣಿನ ಜಾಡಿಯೆತ್ತಿ ಹಾಸಿದ ಹಾಳೆ ಸುಲಿದರೆ
ನೂರ ಎಪ್ಪತ್ತೇಳು.
ಅಡಿಯಲ್ಲಿ ಎಪ್ಪತ್ತೊಂಬತ್ತು. ಹೀಗೇ ಎಂಟು ಹಾಳೆ.
ಹಾಸಿದ ಕೈ ನನ್ನದೇ. ಈ ಮನೆಗೆ ಬಂದ ವರ್ಷ
ಗೂಡಿಗೆ ಹಾಳೆ ಹಾಸು ಅಂದಿದ್ದರು ಯಾರೋ;
ಸಿಕ್ಕಿದ್ದನ್ನು ಹರಿದು ಹಾಸಿದ್ದೆ, ಓದಿರಲಿಲ್ಲ.
ಓದುವ ಹೊತ್ತೇ ಅದು?

ನಿಂತೇ ಓದಿದೆ. ಹಾಲು ಉಕ್ಕಿ ಒಲೆ ಆರಿತು.
ನೂರ ತೊಂಬತ್ತೆರಡರಲ್ಲಿ ಎಣ್ಣೆಯ ಕಲೆ,
ಕಲೆಯೊಳಗಿಂದ ಹೆಸರು ಕಂಡಿತು.
ಹಾಳೆಗಳನ್ನು ಮೊದಲಿದ್ದ ಹಾಗೇ ಹಾಸಿ
ಜಾಡಿ ಅದೇ ಜಾಗಕ್ಕೆ ಇಟ್ಟೆ.

ತಾರಸಿಯಲ್ಲಿ ಆ ರಾತ್ರಿಯೂ ಅದೇ ಜಗಳ.
ನಿನ್ನ ಪ್ರಕಾರ ಯಾರಮ್ಮ ಎಂದಳು ಭುವನ.
ಮೊದಲಿಂದ ಇನ್ನೊಮ್ಮೆ ಓದೇ, ಕೇಳೋಣ, ಎಂದೆ.

ಬೆಳಿಗ್ಗೆ ಅತ್ತೆಯ ಲೋಟಕ್ಕೆ ಮಾತ್ರ
ಕಾಫಿ ಅಂಚಿನ ತನಕ ಹೊಯ್ದೆ.
'ಏನೇ ಇವತ್ತು?' ಎಂದರು.
ಏನಿಲ್ಲ, ಕುಡೀರಿ.