ಕೂಗುವವನ ಬಾಯಿ

ಮೂವತ್ತೊಂದು ವರ್ಷ ಒಂದ ಹಾಸಿಗಿ, ಒಂದ ತಾಟು,
ಆದರೂ ನಿನ್ನ ಬಾಯಾಗ ಏನದ ಅಂತ
ನಾ ಒಮ್ಮೆನೂ ಇಣುಕಿ ನೋಡಿದ್ದಿಲ್ಲ.

ಹತ್ತಿ ಮಾರ್ಕೆಟ್ಟಿನಾಗ ಸವಾಲು ಕೂಗುವ ಬಾಯಿ ಅದು.
ಮೈಕಿಲ್ಲದ ರೈಲ್ವೆ ಗೇಟಿನ ತನಕ ಮುಟ್ಟತಿತ್ತು:
ಏಳು ಸಾವಿರದ ಎರಡುನೂರ, ಎರಡುನೂರ, ಎರಡುನೂರಾ ಐವತ್ತ…
ಅಡತಿ ಅಂಗಡಿಯ ಪಾರಿವಾಳ ಎದ್ದು ಹಾರತಿದ್ದವು.
ಮನ್ಯಾಗ ಮಾತ್ರ
ಉಪ್ಪು ಕಡಿಮಿ ಅನ್ನಲಿಕ್ಕೂ ಕೈ ಮಾಡಿ ತೋರಸತಿದ್ದಿ.

ಈಗ ವಾರ್ಡಿನ ಏಳನೇ ಮಂಚದ ಮ್ಯಾಲ
ನಿನ್ನ ಬಲಗಡೆಯ ಅರ್ಧ ನಿನ್ನ ಮಾತ ಕೇಳವಲ್ದು.
ಡಾಕ್ಟರು ತಲಿಯ ಫೋಟೋ ಬೆಳಕಿಗೆ ಹಿಡಿದು ನೋಡಿದರು,
ಬಿ.ಪಿ. ನೋಡಿದರು, ಸಕ್ಕರಿ ನೋಡಿದರು.
ಬಂದ ಬೀಗರು ನಿನ್ನ ಕೈ ಎತ್ತಿ, ಬಿಟ್ಟು,
ಬೀಳೂದು ನೋಡಿದರು.
ಬಾಯಿ ನೋಡಿದವರು ಯಾರೂ ಇಲ್ಲ.

ಐದನೇ ದಿನ ಮೈ ಸುಡತಿತ್ತು.
ರಾಯಚೂರು, ಅದರಾಗ ಮೇ ತಿಂಗಳು,
ಕಿಟಕಿಯ ಸರಳಿಗೂ ಜ್ವರ ಬಂದಂಗ ಅದ,
ಇವರದೇನು ವಿಶೇಷ ಅಂತ
ಹಸಿ ಅರಿವಿ ಹಣಿ ಮ್ಯಾಲ ಹಾಕಿ ಸುಮ್ಮ ಕುಂತೆ.
ರಾತ್ರಿ ಪೂರಾ ಎದ್ಯಾಗ ಹುಕ್ಕಾ ಎಳೆದಂಗ ಗುರುಗುರು.

ಸಿಸ್ಟರ್ ಸುವಾರ್ತಮ್ಮ, ಸಿಂಧನೂರ ಕಡೆಯಾಕಿ,
ಬ್ಯಾಟರಿ ಹಚ್ಚಿ ಬಾಯಿ ತೆರೆಸಿದಳು.
ಅಯ್ಯ, ಆ ವಾಸನಿ!
ನಾಲಿಗಿ ಮ್ಯಾಲ ಕಂದು ಬೂಸರು,
ಹಲ್ಲಿನ ಬುಡಕ ಇಪ್ಪತ್ತು ವರ್ಷದ ಜರ್ದಾ ಗಾರಿಯಂಗ ಗಟ್ಟಿ,
ಜೀವ ಇಲ್ಲದ ಗಲ್ಲದ ಸಂದ್ಯಾಗ ಗಂಜಿಯ ಅಗಳು.
"ಮೂಗಿನಾಗ ನಳಿಗಿ ಅದ. ಬಾಯಿಗೆ ಯಾರು ಉಣಿಸಿದ್ದು?"
ನಾ ನೆಲ ನೋಡಿದೆ.
ಹಸದಾರ ಅಂತ, ಕದ್ದು, ಎರಡೇ ಚಮಚ.

ಆಕಿ ಬೈಲಿಲ್ಲ. "ಕಾಲುವಿ ನೋಡೀಯಲ್ಲವ್ವ?
ಗಂಟಲಾಗೂ ಒಂದು ತೂಬು ಅದ.
ಉಣ್ಣೂದು ಒಂದು ಹೊಲಕ್ಕ, ಉಸಿರು ಇನ್ನೊಂದಕ್ಕ.
ಲಕ್ವಾ ಹೊಡೆದರ ಅದರ ಬಾಗಿಲು ಬರೋಬರಿ ಮುಚ್ಚೂದಿಲ್ಲ.
ನೀ ಏನೂ ಉಣಿಸದಿದ್ದರೂ ಉಗುಳು ಇಳೀತದ,
ನಿದ್ದ್ಯಾಗ, ಹನಿ ಹನಿ,
ಬಾಯಾಗಿನ ಹೊಲಸು ಹೊತಗೊಂಡು ಉಸಿರಿನ ಹೊಲಕ್ಕ.
ನ್ಯುಮೋನಿಯಾ ಅಂತಾರ ಅದಕ್ಕ.
ಸೂಜಿ ನಾವು ಮಾಡ್ತೀವಿ.
ಈ ತೂಬಿನ ಕಾವಲು ನಿಂದು."

ಮಂಚದ ತಲಿ ಎತ್ತರಿಸು. ಮಗ್ಗಲಿಗೆ ತಿರುವು.
ಬೆರಳಿಗೆ ಬಟ್ಟಿ ಸುತ್ತು, ನೀರು ಹಿಂಡು,
ಒಂದು ಹನಿ ತೊಟ್ಟಿಕ್ಕಬಾರದು.
ಒಸಡು, ಗಲ್ಲದ ಒಳಮೈ, ಅಂಗಳ, ನಾಲಿಗಿಯ ಹಿಂದು.
ಎಡಕ್ಕ ಮ್ಯಾಲ ಒಂದು ಹಲ್ಲು ಅರ್ಧ ಮುರಿದದ.
ಯಾವಾಗ? ಯಾರ ಕೂಡ ಜಗಳ?
ನನಗ ಹೇಳಿದ್ದಿಲ್ಲ ನೀ.

ಮುಂಜಾನಿ ದವಾಖಾನಿ ಎದುರಿನ ಅಂಗಡ್ಯಾಗ
ಮೆತ್ತನ್ನ ಸಣ್ಣ ಬ್ರಶ್ ಕೇಳಿದೆ.
"ಕೂಸಿಗೆ ಎಷ್ಟು ವರ್ಷ?"
"ಐವತ್ತೆಂಟು."
ಅಂವ ನಗಲಿಲ್ಲ. ಹಸಿರಂದು ಕೊಟ್ಟ,
ಹಿಡಿಕಿ ಮ್ಯಾಲ ಆನಿ ಚಿತ್ರ.

ಒಂಬತ್ತನೇ ಮಂಚದ ಮುದುಕಗ
ಮಕ್ಕಳು ಎಣ್ಣಿ ತಿಕ್ಕಿದರು, ತಾಯತ ಕಟ್ಟಿದರು, ಕಾಲು ಒತ್ತಿದರು.
ಶುಕ್ರವಾರ ಮಂಚ ಖಾಲಿ.
ಬಾಯಿಂದನ ಬಂತೋ, ಬ್ಯಾರೆ ಎಲ್ಲಿಂದನೋ,
ಕೇಳುವ ಧೈರ್ಯ ನನಗ ಇದ್ದಿಲ್ಲ.
ಅವತ್ತು ನಿನ್ನ ಬಾಯಿ ಎರಡು ಸಲ ಹೆಚ್ಚಿಗಿ ತಿಕ್ಕಿದೆ.

ಹನ್ನೊಂದನೇ ದಿನ ನೀ ಕಚ್ಚಿದಿ.
ತೋರುಬೆರಳು, ಗೆಣ್ಣಿನ ಮ್ಯಾಲ, ರಕ್ತ ಬರೂಹಂಗ.
ಸುವಾರ್ತಮ್ಮ ಓಡಿ ಬಂದು ನಕ್ಕಳು:
"ದವಡಿಗೆ ಸಿಟ್ಟು ಬಂತು, ಚಲೋ ಆತು.
ಹುಸೇನಪ್ಪ, ಹೆಂಡತಿ ಬೆರಳು ಬಿಡಪ್ಪ!"
ನಿನ್ನ ಹೆಸರು ಅಷ್ಟು ಜೋರಾಗಿ
ನಾ ಯಾವತ್ತೂ ಕೇಳಿದ್ದಿಲ್ಲ.

ಜ್ವರ ಇನ್ನೂ ಪೂರಾ ಇಳಿದಿಲ್ಲ. ಗುರುಗುರು ಸಣ್ಣಗಾಗ್ಯದ.
ಬೆರಳಿಗೆ ಪಟ್ಟಿ ಸುತ್ತಿ, ಇನ್ನೊಂದು ಬೆರಳಿಗೆ ಬಟ್ಟಿ ಸುತ್ತತೀನಿ.
ಆ ತೆರಿ.
ಒಂದನೇ ಸಲ.
ಎರಡನೇ ಸಲ.
ಮೂರನೇದ್ದು ಯಾರೂ ಕೂಗಬ್ಯಾಡ್ರಿ,
ನಾ ಇನ್ನೂ ತಿಕ್ಕಲಿಕ್ಕ ಹತ್ತೀನಿ.